ಬೆಲ್ಲ, ಆ್ಯಪ್ ಮತ್ತು ಜಲಜಕ್ಕನ ನಲವತ್ತೊಂದು ತಮ್ಮಂದಿರು

೧೯೭೩ರಲ್ಲಿ, ಎಂಟನೆಯ ತರಗತಿಯ ದಸರಾ ರಜೆಯಲ್ಲಿ, ನಾನು ಓದು ನಿಲ್ಲಿಸಿದೆ. ಓದು ನನ್ನನ್ನು ಬಿಟ್ಟದ್ದಲ್ಲ, ನಾನು ಓದನ್ನು ಬಿಟ್ಟದ್ದು. ಈ ವ್ಯತ್ಯಾಸವನ್ನು ಅಂದಿನಿಂದ ಹೇಳುತ್ತಲೇ ಬಂದಿದ್ದೇನೆ. ನಂಬದವರು ಇನ್ನೂ ಇದ್ದಾರೆ. ಹಿರಿಯಡ್ಕದ ಶಾಲೆಯಲ್ಲಿ ಲೆಕ್ಕದಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಉಳಿದ ವಿಷಯಗಳ ಬಗ್ಗೆ ಇಲ್ಲಿ ಬರೆಯುವ ಅಗತ್ಯ ಕಾಣುವುದಿಲ್ಲ.

ಅದೇ ವರ್ಷ ಉಡುಪಿಯಲ್ಲಿ ಇನ್‌ಕಮ್ ಟ್ಯಾಕ್ಸ್ ವಕೀಲರೊಬ್ಬರ ಆಫೀಸಿಗೆ ಸೇರಿದೆ. ಹಿರಿಯರು, ಎಲ್ಲರೂ ರಾಯರು ಎನ್ನುತ್ತಿದ್ದರು. ಅಲ್ಲಿಂದ ಮುಂದೆ ಕಾಪುವಿನಲ್ಲಿ ನನ್ನದೇ ಕೋಣೆ ಹಿಡಿದು, ‘ಟ್ಯಾಕ್ಸ್ ರಿಟರ್ನ್ ತುಂಬಿ ಕೊಡಲಾಗುವುದು’ ಎಂಬ ಬೋರ್ಡು ಹಾಕಿ, ಕಣ್ಣಿನ ಪೊರೆ ಅಡ್ಡ ಬರುವವರೆಗೆ ದುಡಿದೆ. ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಸಿಕ್ಕಿದಲ್ಲೆಲ್ಲ ಕೇಳುವುದು ಒಂದೇ ಪ್ರಶ್ನೆ. ಮೊಬೈಲಿನಲ್ಲೇ ರಿಟರ್ನ್ ತುಂಬುವ ಆ್ಯಪ್ ಬಂದಿದೆಯಲ್ಲ, ಇನ್ನು ನಮ್ಮ ಹತ್ತಿರ ಯಾರು ಬರುತ್ತಾರೆ ಎಂದು. ಇದಕ್ಕೆ ನಿಂತಲ್ಲೇ ಉತ್ತರ ಹೇಳಿದರೆ ಸುಳ್ಳಾಗುತ್ತದೆ. ಕುಳಿತು ಹೇಳುತ್ತೇನೆ.

ರಾಯರ ಆಫೀಸಿನಲ್ಲಿ ನನಗೆ ಸಿಕ್ಕಿದ ಮೊದಲ ಕೆಲಸ ಬೆಲ್ಲ ಒಡೆಯುವುದು. ತೆರಿಗೆಯ ಆಫೀಸಿನಲ್ಲಿ ಬೆಲ್ಲ ಎಂತಕ್ಕೆ ಎಂದು ನಾನೂ ಯೋಚಿಸಿದ್ದೆ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವ ಕ್ರಮ ಉಂಟಷ್ಟೆ; ರಾಯರು ಅದನ್ನೇ ಆಫೀಸಿಗೂ ತಂದಿದ್ದರು. ಕಕ್ಷಿದಾರ ಬಂದು ಕುಳಿತ ಕೂಡಲೇ ಕಾಗದಪತ್ರ ಮುಟ್ಟುತ್ತಿರಲಿಲ್ಲ. ಬೆಲ್ಲದ ತುಂಡು ಅವನ ಬಾಯಿಗೆ ಹೋದ ಮೇಲೆ ಕೇಳುತ್ತಿದ್ದರು: “ಮನೆಯಲ್ಲಿ ಎಂತ ವಿಶೇಷ?”

ಬೆಲ್ಲ ಕರಗುವಷ್ಟರಲ್ಲಿ ಎಲ್ಲ ಹೊರಗೆ ಬರುತ್ತಿತ್ತು. ಮಗಳ ಮದುವೆ, ಹೊಸ ಬಾವಿ, ಮಾರಿದ ಗದ್ದೆ, ಜಗಳವಾಡಿ ಪಾಲು ತೆಗೆದುಕೊಂಡ ತಮ್ಮ. ಮನೆಯಲ್ಲಿ ನಡೆದದ್ದು ಯಾವುದೂ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಗುರುತು ಬಿಡದೆ ಹೋಗುವುದಿಲ್ಲ ಎಂಬುದು ರಾಯರ ಸಿದ್ಧಾಂತ. ಗುರುತು ನೋಡಿ ಸಂಗತಿ ಹುಡುಕುವುದು ಅಧಿಕಾರಿಯ ಕೆಲಸ, ಸಂಗತಿ ಕೇಳಿ ಗುರುತು ಹುಡುಕುವುದು ನಮ್ಮ ಕೆಲಸ ಎನ್ನುತ್ತಿದ್ದರು. ಹೊಸಬರು ಇದನ್ನು ಬರೆದಿಟ್ಟುಕೊಳ್ಳಬಹುದು.

ಹಾಗೆಂದು ರಾಯರು ಯಾವತ್ತೂ ಎಡವಲಿಲ್ಲ ಎಂದಲ್ಲ. ಕಾರ್ಕಳದಲ್ಲಿ ಒಬ್ಬರ ಹೋಟೆಲಿತ್ತು. ವ್ಯಾಪಾರ ತೀರಾ ಕಡಿಮೆ ಎಂದು ಬರೆದುಕೊಟ್ಟಿದ್ದರು. ಆಗಿನ ಅಧಿಕಾರಿ ಮಹಾ ಬುದ್ಧಿವಂತ. ಇಡ್ಲಿಯ ಲೆಕ್ಕ ಕೇಳಲಿಲ್ಲ, ತೆಂಗಿನಕಾಯಿಯ ಲೆಕ್ಕ ತರಿಸಿಕೊಂಡರು. ಇಷ್ಟು ಕಾಯಿ ಎಂದರೆ ಇಷ್ಟು ಚಟ್ನಿ, ಇಷ್ಟು ಚಟ್ನಿ ಎಂದರೆ ಇಷ್ಟು ಇಡ್ಲಿ ಎಂದು ಗುಣಿಸಿ, ಹೋಟೆಲಿನವರ ವ್ಯಾಪಾರವನ್ನು ಮೂರು ಪಟ್ಟು ಮಾಡಿಟ್ಟರು. ರಾಯರು ಬಿಡುವವರಲ್ಲ. ನಮ್ಮ ಕಕ್ಷಿದಾರರ ಚಟ್ನಿ ಈ ತಾಲೂಕಿನಲ್ಲೇ ಅತ್ಯಂತ ಗಟ್ಟಿ, ಆದ್ದರಿಂದ ಒಂದು ಇಡ್ಲಿಗೆ ಹೋಗುವ ಕಾಯಿ ಬೇರೆ ಕಡೆಗಿಂತ ಹೆಚ್ಚು ಎಂದು ಅರ್ಧ ಗಂಟೆ ವಾದಿಸಿದರು. ನಾನು ಹಿಂದೆ ಫೈಲು ಹಿಡಿದು ನಿಂತು ಹೆಮ್ಮೆಪಟ್ಟೆ. ಅಧಿಕಾರಿ ಎಲ್ಲ ಕೇಳಿ, ಸರಿ, ಮುಂದಿನ ವಾರ ಬನ್ನಿ ಎಂದರು.

ಮುಂದಿನ ವಾರ ಹೋದೆವು. ಅಧಿಕಾರಿ ಕಾಗದದಿಂದ ತಲೆ ಎತ್ತದೆ ಹೇಳಿದರು: “ರಾಯರೇ, ಭಾನುವಾರ ಕಾರ್ಕಳಕ್ಕೆ ಹೋಗಿದ್ದೆ. ಆ ಚಟ್ನಿಯಲ್ಲಿ ನನ್ನ ಮುಖ ಕಂಡಿತು.”

ಹೋಟೆಲಿನವರು ತೆರಿಗೆ ಕಟ್ಟಿದರು. ಆಮೇಲಿಂದ ಯಾವ ಉತ್ತರ ಬರೆಯುವ ಮೊದಲೂ ನನ್ನನ್ನು ಕಳುಹಿಸುವ ಕ್ರಮ ಶುರುವಾಯಿತು. ಗೋದಾಮು ಎಂದರೆ ಗೋದಾಮು, ಬೋಟು ಎಂದರೆ ಬೋಟು. “ಹೋಗಿ ನೋಡಿ ಬಾ” ಎನ್ನುತ್ತಿದ್ದರು. ನಾನು ಕಲಿತ ಎರಡನೆಯ ಪಾಠ ಇದು. ಮೂರನೆಯದು ಇಲ್ಲ, ಇಷ್ಟರಲ್ಲೇ ಬದುಕು ಕಳೆಯಿತು.

ಕಾಲ ಬದಲಾಯಿತು. ಕಾಗದದ ಫಾರ್ಮು ಹೋಗಿ ಕಂಪ್ಯೂಟರು ಬಂತು. ನನ್ನ ಕೋಣೆಯಲ್ಲಿ ಆಗ ಕಂಪ್ಯೂಟರಿಲ್ಲ. ಮಣಿಪಾಲದ ಸೈಬರ್ ಕೆಫೆಗೆ ಹೋಗಿ, ಸುತ್ತಲೂ ದೇಶದ ಎಲ್ಲ ಮೂಲೆಯ ವಿದ್ಯಾರ್ಥಿಗಳು ಕಿವಿಗೆ ವಯರು ಹಾಕಿ ಆಟ ಆಡುತ್ತಿರುವಾಗ, ನಾನು ಎರಡು ಬೆರಳಿನಲ್ಲಿ ಬೆಳಪುವಿನ ಗೋಡಂಬಿ ವ್ಯಾಪಾರಿಯ ರಿಟರ್ನ್ ಒತ್ತುತ್ತಿದ್ದೆ. ಪಕ್ಕದಲ್ಲಿದ್ದ ಪಂಜಾಬಿನ ಹುಡುಗನೊಬ್ಬ ನನ್ನ ವೇಗ ನೋಡಲಾರದೆ, ಅಂಕಲ್ ನೀವು ಹೇಳಿ ನಾನು ಒತ್ತುತ್ತೇನೆ ಎಂದ. ಬೇಡ ಎಂದೆ. ಬಂದ ಸ್ವೀಕೃತಿಗೆ ಸಹಿ ಮಾಡಿಸಿ ಬೆಂಗಳೂರಿಗೆ ಸಾದಾ ಅಂಚೆಯಲ್ಲಿ ಮಾತ್ರ ಕಳುಹಿಸಬೇಕೆಂದು ಅದರಲ್ಲೇ ಅಚ್ಚು ಹಾಕಿತ್ತು. ಸರಕಾರಕ್ಕೆ ಸಾದಾ ಅಂಚೆಯಲ್ಲಿ ಕಾಗದ ಕಳುಹಿಸುವುದೆಂದರೆ ಮದುವೆಯ ಕರೆಯೋಲೆಯನ್ನು ಕಿಟಕಿಯಿಂದ ಬಿಸಾಡಿದ ಹಾಗೆ ಎಂದು ನನಗೆ ಕಂಡಿತು. ಎಲ್ಲರದ್ದನ್ನೂ ರಿಜಿಸ್ಟರ್ ಮಾಡಿ ಕಳುಹಿಸಿದೆ. ಎಲ್ಲವೂ ಅಷ್ಟೇ ಗೌರವದಿಂದ ನನಗೇ ವಾಪಸು ಬಂದವು.

ಆಮೇಲೆ ಆ್ಯಪ್ ಬಂತು. ನಂದಿಕೂರಿನ ಕಡೆ ಸಂಬಳದ ಕೆಲಸದಲ್ಲಿದ್ದ ಒಬ್ಬರು ಮೊದಲು ತೋರಿಸಿದರು. ಅವರಿಗೆ ಒಂದೇ ಸಂಬಳ, ಒಂದೇ ಮನೆ, ಒಂದೇ ಹೆಂಡತಿ, ಕಂಪನಿ ಕೊಡುವ ಒಂದು ಫಾರ್ಮು. ಆ್ಯಪ್ ಆ ಫಾರ್ಮನ್ನು ತಾನೇ ಓದಿ, ಊಟ ಬಡಿಸಿದ ಹಾಗೆ ಎಲ್ಲ ತುಂಬಿ ಮುಂದಿಟ್ಟಿತು. ನಾನು ಪೆನ್ಸಿಲು ಹಿಡಿದು ಪರೀಕ್ಷಿಸಿದೆ, ಒಂದು ರೂಪಾಯಿ ತಪ್ಪಿರಲಿಲ್ಲ. ಇನ್ನು ನನ್ನ ಹತ್ತಿರ ಬರಬೇಡಿ, ಇದು ಸಾಕು ನಿಮಗೆ ಎಂದು ನಾನೇ ಹೇಳಿ ಕಳುಹಿಸಿದೆ. ಅವರು ಸಂಕೋಚದಿಂದ ಅರ್ಧ ಫೀಸು ಇಟ್ಟು ಹೋದರು. ಅಂಥವರು ಒಬ್ಬೊಬ್ಬರಾಗಿ ಹೋದರು, ನನಗೆ ಬೇಸರವಿರಲಿಲ್ಲ. ಬೇಸರವಾದದ್ದು ಜಲಜಕ್ಕ ಹೋದಾಗ.

ಜಲಜಕ್ಕ ಕಾಪುವಿನಲ್ಲಿ ಮೀನಿನ ವ್ಯಾಪಾರ ಮಾಡುವವರು. ಹತ್ತು ಹದಿನೈದು ವರ್ಷ ಮುಂಬೈಯಲ್ಲಿದ್ದು ಬಂದವರು, ಒಂದು ಬೋಟಿನಲ್ಲಿ ಪಾಲು ಇದ್ದವರು. ನನ್ನ ಫೀಸನ್ನು ಅರ್ಧ ದುಡ್ಡಿನಲ್ಲಿ, ಅರ್ಧ ಮೀನಿನಲ್ಲಿ ಕೊಡುವುದು ಅವರ ಪದ್ಧತಿ. ರಿಫಂಡ್ ಬಂದ ವರ್ಷ ದುಬಾರಿಯ ಅಂಜಲ್, ತೆರಿಗೆ ಕಟ್ಟಿದ ವರ್ಷ ಅಗ್ಗದ ಬೂತಾಯಿ. ಒಂದು ವರ್ಷ ಅವರು ಬರಲೇ ಇಲ್ಲ. ವಿಚಾರಿಸಿದರೆ, ತಂಗಿಯ ಮಗಳು ಪ್ರತಿಮಾ ಆ್ಯಪಿನಲ್ಲಿ ತುಂಬಿಕೊಟ್ಟಳಂತೆ. ಪ್ರತಿಮಾ ಮಣಿಪಾಲದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುವವಳು, ಚುರುಕು. ನಾನು ಮಾರ್ಕೆಟಿಗೆ ಹೋದಾಗ ಜಲಜಕ್ಕನ ಬುಟ್ಟಿ ದಾಟಿ ಮುಂದಿನವರ ಹತ್ತಿರ ಬಂಗುಡೆ ತೆಗೆದುಕೊಂಡೆ. ಜಲಜಕ್ಕ ನೋಡಿಯೂ ನೋಡದ ಹಾಗೆ, ಪಕ್ಕದವಳಿಗೆ ಕೇಳುವಂತೆ ಹೇಳಿದರು: “ಕೋಪ ಬಂದವರಿಗೆ ನಿನ್ನೆಯ ಮೀನು ಕೊಡು, ಗೊತ್ತಾಗುವುದಿಲ್ಲ.” ಅವರು ಆಡಿದ್ದು ತುಳುವಿನಲ್ಲಿ, ಅದರ ಖಾರ ಕನ್ನಡದಲ್ಲಿ ಅರ್ಧಕ್ಕರ್ಧ ಇಳಿದಿದೆ.

ಮುಂದಿನ ಮಳೆಗಾಲದಲ್ಲಿ ಇಬ್ಬರೂ ನನ್ನ ಕೋಣೆಗೆ ಬಂದರು. ಜಲಜಕ್ಕನ ಮುಖ ಬಾಡಿತ್ತು. ನಾನು ಏನೂ ಕೇಳದೆ ಬೆಲ್ಲ, ನೀರು ಇಟ್ಟೆ. ದೊಡ್ಡಮ್ಮನಿಗೆ ಶುಗರ್ ಉಂಟು ಎಂದಳು ಪ್ರತಿಮಾ. ಇವತ್ತು ಶುಗರ್ ನೋಡುವ ದಿನವಲ್ಲ ಎಂದು ಜಲಜಕ್ಕ ದೊಡ್ಡ ತುಂಡನ್ನೇ ತೆಗೆದುಕೊಂಡರು. ಆಮೇಲೆ ಮೊಬೈಲಿನಲ್ಲಿ ಬಂದ ನೋಟಿಸು ತೋರಿಸಿದರು. ಹಾಗೆ ನೋಡಿದರೆ ಅದು ಎರಡನೆಯ ನೋಟಿಸು.

ಮೊದಲನೆಯದರಲ್ಲಿ, ನಿಮ್ಮ ಸೇವಿಂಗ್ಸ್ ಖಾತೆಗೆ ಇಷ್ಟು ದೊಡ್ಡ ನಗದು ಎಲ್ಲಿಂದ ಬಂತು ಎಂದು ಕೇಳಿದ್ದರು. ಪ್ರತಿಮಾ ಆ್ಯಪನ್ನೇ ಕೇಳಿದ್ದಳು. ಸಂಬಂಧಿಕರು ಕೊಟ್ಟ ಹಣಕ್ಕೆ ತೆರಿಗೆಯಿಲ್ಲ, ಕೊಟ್ಟವರ ಹೆಸರು ಮತ್ತು ಸಂಬಂಧ ತಿಳಿಸಿ ಎಂದು ಆ್ಯಪ್ ಹೇಳಿತು. ಅವಳು ಹಣ ಕೊಟ್ಟವರ ಪಟ್ಟಿಯಿಂದ ಒಂದೊಂದೇ ಹೆಸರು ಓದಿ, ದೊಡ್ಡಮ್ಮ, ಇವರು ನಿಮಗೆ ಎಂತ ಆಗಬೇಕು ಎಂದು ಕೇಳಿದಳು. ಜಲಜಕ್ಕ ಮೀನು ಕೊಯ್ಯುತ್ತಲೇ ತಮ್ಮ, ತಮ್ಮ, ಅವನೂ ತಮ್ಮ ಎಂದು ಹೇಳುತ್ತ ಹೋದರು. ಇವಳು ಒತ್ತುತ್ತ ಹೋದಳು. ಕೊನೆಗೆ ಹಸಿರು ಗುರುತು ಬಂತು. ಇಲಾಖೆಗೆ ಹೋದ ಉತ್ತರದಲ್ಲಿ ಜಲಜಕ್ಕನಿಗೆ ನಲವತ್ತೊಂದು ಮಂದಿ ತಮ್ಮಂದಿರು.

ಎರಡನೆಯ ನೋಟಿಸಿನಲ್ಲಿ ಬಹಳ ವಿನಯದಿಂದ, ಸದರಿ ನಲವತ್ತೊಂದು ಮಂದಿಯೂ ನಿಮ್ಮ ತಂದೆತಾಯಿಯ ಮಕ್ಕಳೆಂಬುದಕ್ಕೆ ದಾಖಲೆ ಒದಗಿಸಿ ಎಂದು ಬರೆದಿದ್ದರು.

“ನಮ್ಮಮ್ಮ ಹೆತ್ತದ್ದು ಮೂರೇ ಶೇಖರಣ್ಣ,” ಎಂದರು ಜಲಜಕ್ಕ. “ಪಾಪ, ಸತ್ತ ಮೇಲೆ ಅವಳಿಗೆ ಎಂತ ಕೆಲಸ ಕೊಟ್ಟೆವು ನೋಡಿ.”

ನಗಬಾರದಿತ್ತು, ನಕ್ಕೆ. ಪ್ರತಿಮಾ ಅಳುವ ಹಾಗಿದ್ದಳು. ತಪ್ಪು ಅವಳದ್ದೂ ಅಲ್ಲ, ಜಲಜಕ್ಕನದ್ದೂ ಅಲ್ಲ. ನಮ್ಮಲ್ಲಿ ಅಳಿಯಕಟ್ಟಿನ ಮನೆಗಳಲ್ಲಿ ಲೆಕ್ಕವೆಲ್ಲ ತಾಯಿಯ ಕಡೆಯಿಂದ. ಅಮ್ಮನ ಅಕ್ಕತಂಗಿಯರ ಮಕ್ಕಳು ಅಣ್ಣ, ತಮ್ಮ, ತಂಗಿಯರೇ. ಅಜ್ಜಿಯ ತಂಗಿಯ ಮಗಳ ಮಗನೂ ತಮ್ಮನೇ. ಅವನನ್ನು ಬೇರೆ ಹೆಸರಿನಿಂದ ಕರೆದರೆ ಊಟಕ್ಕೆ ಬರುವುದಿಲ್ಲ. ಕಾನೂನಿನ ತಮ್ಮ ಮಾತ್ರ ಒಂದೇ ತಂದೆತಾಯಿಗೆ ಹುಟ್ಟಿದವನು. ಈ ವಿಷಯ ಆ್ಯಪಿಗೆ ಯಾರೂ ಹೇಳಿರಲಿಲ್ಲ.

ಬೆಲ್ಲ ಕರಗಿತ್ತು. ನಾನು ಕೇಳಿದೆ: “ಮನೆಯಲ್ಲಿ ಎಂತ ವಿಶೇಷ, ಜಲಜಕ್ಕ?”

ವಿಶೇಷ ಎಂದರೆ ಕುಟುಂಬದ ದೈವದ ಗುಡಿಯ ಮಾಡು, ಅಂದರೆ ಚಾವಣಿ, ಕುಸಿದು, ಹೊಸತಾಗಿ ಕಟ್ಟಿಸಲು ಹೊರಟಿದ್ದರು. ಮುಂಬೈಯವರು, ಗಲ್ಫಿನವರು, ಮಲ್ಪೆಯವರು ರಜೆಗೆ ಬಂದಾಗ ಕೈಗೆ ಕೊಟ್ಟ ಹಣ ಅದು. ಹಿರಿಯ ಹೆಂಗಸು ಎಂದು ಜಲಜಕ್ಕನ ಕೈಗೆ ಕೊಟ್ಟಿದ್ದರು. ಕುಟುಂಬದಲ್ಲಿ ಗಂಡಸರೇ ಇರಲಿಲ್ಲವೇ ಎಂದೆ. “ಗಂಡಸರ ಕೈಗೆ ಕೊಟ್ಟರೆ ಗುಡಿಯ ಬದಲು ಬೋಟಿಗೆ ಎಂಜಿನ್ ಬರುತ್ತದೆ ಮಾರಾಯರೇ,” ಎಂದರು.

ಈಗ ಸಂಕಟ ಏನೆಂದರೆ, ಹಣದ ಮೂಲ ಸರಿಯಾಗಿ ತೋರಿಸದಿದ್ದರೆ ಅದನ್ನು ಜಲಜಕ್ಕನ ಗುಪ್ತ ಆದಾಯವೆಂದು ಹಿಡಿದು, ಅರ್ಧಕ್ಕಿಂತ ಹೆಚ್ಚು ತೆರಿಗೆಗೇ ಎಳೆಯುತ್ತಾರೆ. ಗುಡಿಯ ಕೆಲಸ ಕಲ್ಲು ಕಟ್ಟುವವರೆಗೆ ಬಂದಿತ್ತು. ದೈವದ ಹಣ ಎಲ್ಲಿ ಹೋಯಿತು ಎಂದು ಕುಟುಂಬದ ಸಭೆಯಲ್ಲಿ ಒಬ್ಬನಾದರೂ ಕೇಳಿದರೆ ಜಲಜಕ್ಕ ತಲೆ ಎತ್ತುವ ಹಾಗಿಲ್ಲ. ತೆರಿಗೆ ಕಟ್ಟಲು ಬಳೆ ಮಾರುತ್ತೇನೆ, ಆದರೆ ಆ ಮಾತು ಕೇಳಿಸಿಕೊಳ್ಳಲಾರೆ ಎಂದರು.

ಮರುದಿನ ನಾನು ಹೋಗಿ ಗುಡಿ ನೋಡಿ ಬಂದೆ. ಗೋಡೆ ಎದ್ದಿತ್ತು, ಮಾಡಿಗೆ ಮರ ಬಂದಿತ್ತು, ಮೇಸ್ತ್ರಿ ಇದ್ದ, ಬಿಲ್ಲು ಇತ್ತು. ಚಟ್ನಿ ಗಟ್ಟಿಯೇ ಇತ್ತು. ಮನೆಗೆ ಬಂದು ಉತ್ತರ ಬರೆಯಲು ಕುಳಿತೆ. ರಾಯರ ಶೈಲಿಯಲ್ಲಿ, ತಾಯಿಯ ಕಡೆಯ ವಂಶಕ್ರಮದಿಂದ ಆರಂಭಿಸಿ, ನಾಲ್ಕು ಪುಟ. ಓದಿ ನನಗೇ ಕಣ್ಣು ತುಂಬಿತು. ಪ್ರತಿಮಾ ಅದನ್ನು ಇಲಾಖೆಯ ಪೋರ್ಟಲಿಗೆ ಹಾಕಲು ನೋಡಿದರೆ, ಉತ್ತರ ಬರೆಯುವ ಚೌಕದಲ್ಲಿ ನನ್ನ ವಂಶಕ್ರಮ ಅಜ್ಜಿಯವರೆಗೆ ಬಂದು ನಿಂತಿತು. ಅದರ ಮೇಲೆ ಒಂದಕ್ಷರ ತೆಗೆದುಕೊಳ್ಳುವುದಿಲ್ಲ.

“ಮಾಮ, ಅವರಿಗೆ ಕಥೆ ಬೇಡ,” ಎಂದಳು ಪ್ರತಿಮಾ. “ಹಣ ಯಾರದ್ದು, ಯಾಕೆ ಬಂತು, ಎಲ್ಲಿ ಹೋಯಿತು. ಮೂರೇ ಸಾಲು.”

ಹಾಗಾದರೆ ನೀನೇ ಬರೆ ಎಂದೆ. ಅವಳು ಬರೆದದ್ದು ನನ್ನದಕ್ಕಿಂತ ಚೆನ್ನಾಗಿತ್ತು. ನಲವತ್ತೊಂದು ಮಂದಿಯಿಂದ, ನಾವು ಕೊಟ್ಟದ್ದು ಗುಡಿಗೆ, ಜಲಜಕ್ಕನಿಗಲ್ಲ ಎಂಬ ಒಪ್ಪಿಗೆ ಪತ್ರವನ್ನು ಮೊಬೈಲಿನಲ್ಲೇ ಎರಡು ದಿನದಲ್ಲಿ ತರಿಸಿದಳು. ನಾನಾಗಿದ್ದರೆ ರಿಜಿಸ್ಟರ್ ಅಂಚೆಯಲ್ಲಿ ಮುಂದಿನ ಮಳೆಗಾಲ ಬರುತ್ತಿತ್ತು.

ಹಾಗೆ ತಾಳೆ ನೋಡುವಾಗಲೇ ಅವಳು ಇನ್ನೊಂದು ಕಂಡುಹಿಡಿದಳು. ಒಂದು ಜಮೆ ಯಾವ ತಮ್ಮನ ಹೆಸರಿಗೂ ಸೇರುವುದಿಲ್ಲ. ಎಲ್ಲ ದೈವದ್ದೇ ಎಂದು ನಾನು ಒಟ್ಟಿಗೆ ಕೂಡಿಬಿಟ್ಟಿದ್ದೆ. ಜಲಜಕ್ಕನನ್ನು ಕೇಳಿದಾಗ, ಅದು ಬೋಟಿನ ಪಾಲು ಮಾರಿದ್ದು, ನನ್ನ ಸ್ವಂತದ್ದು ಎಂದರು. ಸಣ್ಣ ಮೊತ್ತ, ದೈವದ ಲೆಕ್ಕದಲ್ಲೇ ಇರಲಿ, ಯಾರೂ ಕೇಳುವುದಿಲ್ಲ ಎಂಬ ಮಾತು ನನ್ನ ಬಾಯಿಯ ಅಂಚಿನವರೆಗೆ ಬಂತು. ಜಲಜಕ್ಕ ನನ್ನ ಮುಖದಲ್ಲೇ ಅದನ್ನು ಓದಿದರು.

“ದೈವದ್ದು ಅಂತ ಬರೆಯಬೇಡಿ ಶೇಖರಣ್ಣ. ನಾಳೆ ಕೋಲದ ದಿನ ದೈವವೇ ಮೈಮೇಲೆ ಬಂದು ಎಲ್ಲರ ಎದುರು ಕೇಳುತ್ತದೆ, ನನ್ನದು ಅಂತ ಬರೆದೆಯಲ್ಲ, ಕೊಡು ಅಂತ. ಇಲಾಖೆಯವರಿಗಾದರೆ ಕಂತಿನಲ್ಲಿ ಕಟ್ಟಬಹುದು.”

ಅದರ ಮೇಲಿನ ತೆರಿಗೆ ಕಟ್ಟಿದೆವು.

ಆದರೂ ಅಧಿಕಾರಿಗೆ ತಮ್ಮಂದಿರ ವಿಷಯ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ವಿಡಿಯೋದಲ್ಲಿ ವಿಚಾರಣೆ ಎಂದು ಬಂತು. ಮೊದಲಾದರೆ ಉಡುಪಿಯಲ್ಲೇ ಅಧಿಕಾರಿಯ ಎದುರು ಹೋಗಿ ನಿಲ್ಲುತ್ತಿದ್ದೆವು; ಈಗ ಅವರು ದೇಶದ ಯಾವ ಮೂಲೆಯಲ್ಲಿ ಕುಳಿತಿದ್ದಾರೆಂದೂ ಗೊತ್ತಾಗುವುದಿಲ್ಲ. ಕಕ್ಷಿದಾರರ ಪರವಾಗಿ ವಾದಿಸಲು ಕಾನೂನಿನಲ್ಲಿ ಅರ್ಹತೆ ಬೇಕು. ೧೯೭೩ ಆ ದಿನ ನನ್ನ ಕಾಲಿಗೆ ತೊಡರಿತು. ಜಲಜಕ್ಕ ತಾವೇ ಮಾತಾಡಬಹುದಿತ್ತು. ನನ್ನ ಕೋಣೆಯಲ್ಲೇ, ಪ್ರತಿಮಾಳ ಲ್ಯಾಪ್‌ಟಾಪಿನ ಎದುರು, ಮಾರ್ಕೆಟಿನಿಂದ ನೇರ ಬಂದು ಕುಳಿತರು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಎಂದು ಹೇಳಿಕೊಟ್ಟಿದ್ದೆ. ಮೀನು ಮಾರುವವರಿಗೆ ಮಾತು ಹೇಳಿಕೊಡುವ ಧೈರ್ಯ ನನಗೆ ಎಲ್ಲಿಂದ ಬಂತೋ.

ಅಧಿಕಾರಿ ಹಿಂದಿಯಲ್ಲಿ ಶುರು ಮಾಡಿದರು. ನಾನು ಬೆವರಿದೆ. ಜಲಜಕ್ಕ ಮುಂಬೈಯ ಹಿಂದಿಯಲ್ಲಿ, ಸೊಂಟಕ್ಕೆ ಕೈಯಿಟ್ಟು, ಉತ್ತರ ಕೊಟ್ಟರು. ಇಷ್ಟು ಜನ ತಮ್ಮಂದಿರು ಹೇಗಮ್ಮ ಎಂದು ಅವರು ಕೇಳಿದಾಗ, ಇವರು ತಿರುಗಿ ಕೇಳಿಯೇಬಿಟ್ಟರು:

“ಸಾಹೇಬರೇ, ನಿಮ್ಮ ಅಮ್ಮನ ತಂಗಿಯ ಮಗನನ್ನು ನೀವು ಎಂತ ಕರೆಯುತ್ತೀರಿ?”

ನೆಟ್‌ವರ್ಕ್ ಹೋಯಿತೆಂದು ಪ್ರತಿಮಾ ವಯರು ಮುಟ್ಟಿ ನೋಡಿದಳು.

“ಭಾಯಿ,” ಎಂದರು ಅಧಿಕಾರಿ.

“ಮತ್ತೆ? ನಾನೂ ಅದನ್ನೇ ಹೇಳಿದ್ದು. ಕರೆಯಲಿಕ್ಕೆ ತಮ್ಮಂದಿರು. ದುಡ್ಡು ಅವರದ್ದೂ ಅಲ್ಲ, ನನ್ನದೂ ಅಲ್ಲ. ದೈವದ್ದು.”

ಅಧಿಕಾರಿ ಈಗ ಮೆತ್ತಗಾಗಿ, ಆ ದೈವಕ್ಕೆ ಪ್ಯಾನ್ ಕಾರ್ಡ್ ಉಂಟೇ ಎಂದು ವಿಚಾರಿಸಿದರು. ಇಲ್ಲಿಯವರೆಗೆ ದೈವ ಕೇಳಿರಲಿಲ್ಲ, ಇನ್ನು ಮಾಡಿಸುತ್ತೇವೆ ಎಂದರು ಜಲಜಕ್ಕ. ಗುಡಿಯ ಹೆಸರಿನಲ್ಲಿ ಟ್ರಸ್ಟ್ ಮಾಡಿ, ಬೇರೆ ಖಾತೆ ತೆರೆಯಿರಿ ಎಂದು ಅಧಿಕಾರಿ ಬುದ್ಧಿ ಹೇಳಿದರು. ಅದನ್ನು ನಾನು ಹೇಳಬೇಕಿತ್ತು, ಮೊದಲ ವರ್ಷವೇ. ಆದರೆ ಆ ವರ್ಷ ನಾನು ಮುಂದಿನ ಬುಟ್ಟಿಯಲ್ಲಿ ಬಂಗುಡೆ ಆರಿಸುತ್ತಿದ್ದೆ.

ತಿಂಗಳು ಕಳೆದು ಆದೇಶ ಬಂತು. ಗುಡಿಯ ಹಣಕ್ಕೆ ತೆರಿಗೆಯಿಲ್ಲ. ಆ ದಿನ ಜಲಜಕ್ಕ ನನಗೂ ಪ್ರತಿಮಾಳಿಗೂ ಒಂದೊಂದು ಅಂಜಲ್ ಕೊಟ್ಟರು. ಇಬ್ಬರಲ್ಲಿ ಯಾರದ್ದು ದೊಡ್ಡದು ಎಂದು ನಾನು ಕಣ್ಣಿನಲ್ಲೇ ಅಳೆಯುವುದನ್ನು ಕಂಡು ಹೇಳಿದರು: “ಎರಡೂ ಒಂದೇ ತೂಕ ಶೇಖರಣ್ಣ. ಅವಳ ಫೋನಿಗೆ ಕೇಳಲು ಬರುವುದಿಲ್ಲ, ನಿಮಗೆ ಒತ್ತಲು ಬರುವುದಿಲ್ಲ.”

ಹೊಸಬರ ಪ್ರಶ್ನೆಗೆ ನನ್ನ ಹತ್ತಿರ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಒಂದೇ ಸಂಬಳದವರು ಬಂದರೆ ಆ್ಯಪ್ ತೋರಿಸಿ ಕಳುಹಿಸಿ, ಪುಣ್ಯ ಬರುತ್ತದೆ. ಬೋಟು, ಕುಟುಂಬ, ಗುಡಿ, ಪಾಲು ಇದ್ದವರು ಬಂದರೆ ಕುರ್ಚಿ ಎಳೆದು ಕೂರಿಸಿ. ಆ್ಯಪ್ ಚೌಕದಲ್ಲಿ ಇದ್ದದ್ದನ್ನು ಮಾತ್ರ ಕೇಳುತ್ತದೆ. ನೀವೂ ಅಷ್ಟನ್ನೇ ಕೇಳುವುದಾದರೆ ನಿಮ್ಮ ಫೀಸು ದುಬಾರಿ. ಮತ್ತು ಕಕ್ಷಿದಾರರು ಬಿಟ್ಟು ಹೋದರೆ ಮಾರ್ಕೆಟಿನಲ್ಲಿ ಮುಖ ತಿರುಗಿಸಬೇಡಿ. ಮೀನೂ ಹಳೆಯದು ಸಿಗುತ್ತದೆ.

ಆ ಕೇಸಿನ ನಂತರ ನಾನು ಬೋರ್ಡು ಇಳಿಸಿದೆ. ಗುಡಿಯ ಪ್ರತಿಷ್ಠೆಯ ದಿನ ನನ್ನನ್ನು ಕರೆದಿದ್ದರು. ನಾನು ಹೊರಗಿನವರ ಪಂಕ್ತಿಯಲ್ಲಿ ಕುಳಿತಿದ್ದೆ. ಜಲಜಕ್ಕ ಬಂದು ನನ್ನ ಎಲೆಯನ್ನೇ ಎತ್ತಿಕೊಂಡು ಹೋಗಿ ಕುಟುಂಬದ ಗಂಡಸರ ಸಾಲಿನಲ್ಲಿ ಹಾಕಿದರು. ಎಲೆಯ ಹಿಂದೆ ನಾನೂ ಹೋಗಬೇಕಾಯಿತು. ಪಕ್ಕದಲ್ಲಿದ್ದ ಮುಂಬೈಯವನು, ನೀವು ಯಾವ ಕವಲಿನವರು ಎಂದು ಕೇಳಿದ. ನೋಟಿಸಿನ ಕವಲಿನವನು ಎಂದೆ.

ಈಗ ನನ್ನ ಹತ್ತಿರ ಇರುವುದನ್ನು ಹೇಳಿ ಮುಗಿಸುತ್ತೇನೆ. ಹಿರಿಯಡ್ಕದಲ್ಲಿ ಒಂದು ಮನೆ. ರಾಯರ ಒಂದು ಮೇಜು, ಎರಡು ಕುರ್ಚಿ. ಬೆಲ್ಲದ ಡಬ್ಬಿ ಒಂದು. ಪೊರೆ ತೆಗೆಸಿದ ಕಣ್ಣು ಎರಡು. ಫೋನು ಒಂದು, ಅದರಲ್ಲಿ ಪ್ರತಿಮಾ ಹಾಕಿಕೊಟ್ಟ ಆ್ಯಪ್ ಒಂದು. ಈ ವರ್ಷ ನನ್ನ ರಿಟರ್ನ್ ನಾನೇ ಅದರಲ್ಲಿ ಎರಡು ಬೆರಳಿನಲ್ಲಿ ತುಂಬಿದೆ. ನನ್ನಮ್ಮ ಹೆತ್ತ ತಮ್ಮ ಒಬ್ಬ. ಕರೆಯಲಿಕ್ಕೆ, ನಲವತ್ತೆರಡು ಮಂದಿ.